ಓದುಗರ ಪ್ರಶ್ನೆ: ಫೋಮು, ಬಟ್ಟೆ, ಅಂಟು ಸೇರಿಸಿ ಮಾಡುವ ಹಗುರ ಗಾಡಿ

ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ, ರಾತ್ರಿ ಒಳಗೆ ಮಲಗುವಂಥ ಪುಟ್ಟ ಟ್ರೇಲರ್ ಅನ್ನು ಫೋಮ್ ಹಲಗೆ ಮತ್ತು ಕ್ಯಾನ್ವಾಸ್ ಬಟ್ಟೆಯಲ್ಲಿ ಮನೆಯಲ್ಲೇ ಮಾಡಬಹುದು ಎಂದು ಹಿಂದೆ ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳು ಬಹಳ. ಕೆಲವರು ಆಗಲೇ ಕೆಲಸ ಶುರು ಮಾಡಿ ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾರೆ. ಅಂಥವರ ಪ್ರಶ್ನೆಗಳನ್ನೇ ಜಾಸ್ತಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸಾರ್, ಫೋಮ್ ಅಂದರೆ ಬೆರಳಲ್ಲಿ ಒತ್ತಿದರೆ ಕುಳಿ ಬೀಳುತ್ತದೆ. ಬಟ್ಟೆ ಅಂದರೆ ಬರೀ ಬಟ್ಟೆ. ಇವೆರಡು ಸೇರಿ ರಸ್ತೆಯ ಹೊಡೆತ ಹೇಗೆ ತಡೆಯುತ್ತವೆ? ಮನೆಯಲ್ಲಿ ಯಾರೂ ನಂಬುತ್ತಿಲ್ಲ.

ಅವರಿಗೆ ಮಾತಲ್ಲಿ ಹೇಳಬೇಡಿ, ಮಾಡಿ ತೋರಿಸಿ. ಮೊಳದುದ್ದದ, ನಾಲ್ಕು ಬೆರಳು ಅಗಲದ ಎರಡು ಫೋಮ್ ಪಟ್ಟಿ ಕತ್ತರಿಸಿ. ಒಂದನ್ನು ಹಾಗೇ ಬಿಡಿ. ಇನ್ನೊಂದರ ಎರಡೂ ಮುಖಕ್ಕೆ ಕ್ಯಾನ್ವಾಸ್ ಅಂಟಿಸಿ ಎರಡು ದಿನ ಒಣಗಲು ಬಿಡಿ. ಆಮೇಲೆ ಎರಡನ್ನೂ ಮೊಣಕಾಲ ಮೇಲಿಟ್ಟು ಬಗ್ಗಿಸಿ ನೋಡಲು ಕೊಡಿ. ಮೊದಲನೆಯದು ಟಪ್ ಎಂದು ಮುರಿಯುತ್ತದೆ. ಎರಡನೆಯದನ್ನು ಬಗ್ಗಿಸಲು ಹೋದವರು ನಿಮ್ಮ ಮುಖ ನೋಡುತ್ತಾರೆ.

ಒಳಗಿನ ಲೆಕ್ಕ ಸರಳ. ಹಲಗೆ ಬಗ್ಗಿದಾಗ ಅದರ ಒಂದು ಮುಖ ಹಿಗ್ಗಬೇಕು, ಇನ್ನೊಂದು ಮುಖ ಕುಗ್ಗಬೇಕು. ಅಂಟು ಕುಡಿದು ಗಟ್ಟಿಯಾದ ಬಟ್ಟೆ ಹಿಗ್ಗಲು ಬಿಡುವುದಿಲ್ಲ. ನಡುವಿನ ಫೋಮ್‌ನ ಕೆಲಸ ಇಷ್ಟೇ: ಎರಡು ಬಟ್ಟೆಗಳನ್ನು ದೂರ ದೂರ ಹಿಡಿದಿಡುವುದು, ಒಂದರ ಮೇಲೊಂದು ಜಾರದಂತೆ ನೋಡಿಕೊಳ್ಳುವುದು. ಆ ದೂರ ಎರಡು ಪಟ್ಟಾದರೆ ಹಲಗೆಯ ಬಿಗಿ, ಅಂದರೆ ಬಗ್ಗದೆ ನಿಲ್ಲುವ ಗುಣ, ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ, ಅದಕ್ಕೇ ನಾನು 25 ಮಿ.ಮೀ. ಬದಲು 50 ಮಿ.ಮೀ. ಹಲಗೆ ತಗೊಳ್ಳಿ ಎಂದು ಹೇಳುತ್ತಿರುತ್ತೇನೆ. ಇದೇನೂ ಹೊಸ ವಿದ್ಯೆ ಅಲ್ಲ. 1940ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಮಸ್ಕಿಟೊ ಯುದ್ಧ ವಿಮಾನದ ಮೈ ಹೀಗೇ ಇತ್ತು: ಎರಡು ತೆಳು ಪ್ಲೈವುಡ್ ಪದರ, ನಡುವೆ ಹಗುರವಾದ ಬಾಲ್ಸಾ ಮರ.

ಪ್ರಶ್ನೆ: ಟಿವಿ ಪೆಟ್ಟಿಗೆಯಲ್ಲಿ ಬರುವ ಥರ್ಮೋಕೋಲ್ ಬಳಸಿದರೆ ಆಗುವುದಿಲ್ಲವೇ? ಒಂದು ತುಂಡಿಗೆ ಸ್ಪ್ರೇ ಪೇಂಟ್ ಹೊಡೆದು ನೋಡಿದೆ, ಹೊಡೆದ ಕಡೆಯೆಲ್ಲ ಕರಗಿ ತೂತಾಯಿತು. ಫೋಮ್ ಕಳಪೆಯೋ, ಪೇಂಟ್ ಕಳಪೆಯೋ?

ಎರಡೂ ಅಲ್ಲ. ಥರ್ಮೋಕೋಲ್ ಆಗಲಿ, ನಾನು ಹೇಳುವ ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್) ಫೋಮ್ ಹಲಗೆ ಆಗಲಿ, ಎರಡೂ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌. ಥಿನ್ನರ್, ಪೆಟ್ರೋಲ್, ಅಸಿಟೋನ್ ತಗುಲಿದರೆ ಕರಗುತ್ತದೆ. ಸ್ಪ್ರೇ ಪೇಂಟ್‌ನಲ್ಲಿ ಇಂಥದ್ದೇ ದ್ರಾವಕ ಇರುತ್ತದೆ. ಫೈಬರ್‌ಗ್ಲಾಸ್ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ರೆಸಿನ್ ಕೂಡ ಬೇಡ, ಅದರಲ್ಲಿರುವ ಸ್ಟೈರೀನ್ ಫೋಮನ್ನು ತಿಂದುಹಾಕುತ್ತದೆ. ಎಪಾಕ್ಸಿ ಆಗಬಹುದು. ನೀರು ಬೆರೆಯುವ ಅಂಟು, ನೀರು ಬೆರೆಯುವ ಹೊರಗೋಡೆ ಪೇಂಟ್ ಆದರೆ ಚಿಂತೆಯೇ ಇಲ್ಲ. ಯಾವುದೇ ಹೊಸ ಡಬ್ಬಿ ತಂದರೂ ಮೊದಲು ಚೂರಿಗೆ ಒಂದು ಹನಿ ಹಾಕಿ ರಾತ್ರಿಯಿಡೀ ಬಿಡಿ.

ಇನ್ನು ಪೆಟ್ಟಿಗೆಯ ಥರ್ಮೋಕೋಲ್. ಅದು ಕಾಳು ಕಾಳಾಗಿ ಉದುರುತ್ತದೆ ಅಲ್ವಾ? ಬಟ್ಟೆ ಎಷ್ಟು ಗಟ್ಟಿ ಅಂಟಿದರೂ ಕಾಳು ಕಾಳಿನಿಂದ ಬಿಟ್ಟುಕೊಂಡರೆ ಏನು ಬಂತು. ಆ ಕಾಳುಗಳ ಸಂದಿಯಲ್ಲಿ ನೀರೂ ಇಳಿಯುತ್ತದೆ. ಎಕ್ಸ್‌ಪಿಎಸ್ ಒಂದೇ ಮುದ್ದೆಯಾಗಿ ಬಂದಿರುತ್ತದೆ, ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುತ್ತವೆ. ಕಟ್ಟಡದ ಗೋಡೆಗೆ ಶಾಖ ತಡೆಯಲು ಹಾಕುವ ಬಣ್ಣದ ಹಲಗೆ ಅದು.

ಪ್ರಶ್ನೆ: ಎರಡು ಸಲ ಕ್ಯಾನ್ವಾಸ್ ಅಂಟಿಸಿದೆ. ನೋಡಲು ಚೆನ್ನಾಗಿಯೇ ಕೂತಿತ್ತು. ಒಂದು ವಾರ ಬಿಟ್ಟು ಮೂಲೆ ಹಿಡಿದು ಎಳೆದರೆ ಚಾಪೆ ಸುತ್ತಿದ ಹಾಗೆ ಪೂರ್ತಿ ಬಂದುಬಿಟ್ಟಿತು. ಅಂಟು ಬದಲಾಯಿಸಲೇ?

ಅಂಟು ಬದಲಾಯಿಸಬೇಡಿ. ಕಿತ್ತು ಬಂದ ಬಟ್ಟೆಯ ಹಿಂಭಾಗ ನೋಡಿ. ಅಲ್ಲಿ ಅಂಟು ಕನ್ನಡಿಯ ಹಾಗೆ ನಯವಾಗಿದೆಯಾ? ಹಾಗಿದ್ದರೆ ನೀವು ಹಲಗೆಯ ಹೊಳಪು ತೆಗೆಯದೆ ಅಂಟಿಸಿದ್ದೀರಿ. ನನ್ನ ಮೊದಲ ಗೋಡೆಗೂ ಇದೇ ಆಗಿತ್ತು. ಬಟ್ಟೆ ಕಿತ್ತು ಬೆಳಕಿಗೆ ಹಿಡಿದಾಗ ಹಲಗೆಯ ಮೇಲೆ ಅಚ್ಚಾಗಿದ್ದ ಕಂಪನಿಯ ಅಕ್ಷರಗಳು ಅಂಟಿನ ಮೇಲೆ ತಿರುಗುಮುರುಗಾಗಿ ಮೂಡಿದ್ದವು. ಅಂಟು ಹಿಡಿದುಕೊಂಡದ್ದು ಫೋಮನ್ನಲ್ಲ, ಅದರ ಮೇಲಿನ ಜಾರುವ ಪೊರೆಯನ್ನು.

ಕೆಲವು ಹಲಗೆಗಳ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದನ್ನು ಸುಲಿಯಿರಿ. ಹಾಳೆ ಇಲ್ಲದಿದ್ದರೂ ಮೇಲ್ಮೈ ನಯವಾಗಿ ಗಟ್ಟಿಯಾಗಿರುತ್ತದೆ. ಒರಟು ಸ್ಯಾಂಡ್‌ಪೇಪರ್‌ನಿಂದ ಹೊಳಪು ಒಂದಿಷ್ಟೂ ಉಳಿಯದ ಹಾಗೆ ಉಜ್ಜಿ, ಆಮೇಲೆ ತಂತಿ ಬ್ರಷ್ಷನ್ನು ಮೆಲ್ಲಗೆ ಕುಟ್ಟುತ್ತಾ ಹೋದರೆ ಸಾವಿರಾರು ಸಣ್ಣ ತೂತು ಬೀಳುತ್ತವೆ, ಅಂಟು ಆ ತೂತುಗಳಿಗೆ ಇಳಿದು ಬೇರು ಬಿಟ್ಟ ಹಾಗೆ ಹಿಡಿಯುತ್ತದೆ. ಇಡೀ ಗಾಡಿಯಲ್ಲಿ ಬೇಜಾರು ಹಿಡಿಸುವ ಕೆಲಸ ಇದೇ. ಅವಸರ ಮಾಡಬೇಡಿ, ಯಾಕೆಂದರೆ ಗಾಡಿಯ ಬಲವೆಲ್ಲ ಇಲ್ಲಿದೆ. ಫೋಮ್ ಬಿಗಿ ಅಲ್ಲ, ಬಟ್ಟೆ ಬಿಗಿ ಅಲ್ಲ, ಎರಡರ ನಡುವಿನ ಹಿಡಿತ ಬಿಗಿ. ಉಜ್ಜಿದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸಿ.

ಬಟ್ಟೆ ಹತ್ತಿಯದೇ ಇರಲಿ, ನೈಲಾನ್ ಟಾರ್ಪಾಲು ಅಂಟು ಕುಡಿಯುವುದಿಲ್ಲ. ಹೊಸ ಬಟ್ಟೆಯಲ್ಲಿ ಗಂಜಿ ಇದ್ದರೆ ಬಿಸಿ ನೀರಲ್ಲಿ ಒಮ್ಮೆ ತೊಳೆದು ಒಣಗಿಸಿ. ಮರಗೆಲಸದ ಬಿಳಿ ಅಂಟಿನಲ್ಲಿ ನೀರು ತಡೆಯುವ ಬಗೆ ಸಿಗುತ್ತದೆ, ಅದಕ್ಕೆ ರೋಲರ್ ಸಲೀಸಾಗಿ ಓಡುವಷ್ಟು ಮಾತ್ರ ನೀರು ಬೆರೆಸಿ. ಮೊದಲು ಫೋಮ್‌ಗೆ ಹಚ್ಚಿ, ಬಟ್ಟೆ ಹಾಸಿ, ನಡುವಿನಿಂದ ಅಂಚಿಗೆ ಅಂಗೈಯಲ್ಲಿ ತೀಡುತ್ತಾ ಗಾಳಿ ಹೊರಗೆ ಹಾಕಿ. ಆಮೇಲೆ ಬಟ್ಟೆಯ ಮೇಲಿನಿಂದ ಇನ್ನೊಂದು ಸಲ ಅಂಟು. ನೂಲೆಲ್ಲ ನೆನೆದು ಬಣ್ಣ ಕಪ್ಪಾಗಬೇಕು. ಬೆಳ್ಳಗೆ ಉಳಿದ ಜಾಗ ಅಂದರೆ ಅಂಟು ಕುಡಿಯದ ಜಾಗ, ಅಲ್ಲಿ ನಾಳೆ ಗುಳ್ಳೆ ಏಳುತ್ತದೆ. ಒಂದು ಬಟ್ಟೆ ಇನ್ನೊಂದರ ಮೇಲೆ 5 ಸೆಂ.ಮೀ. ಆದರೂ ಹತ್ತಬೇಕು. ತುಂಬಾ ಚಳಿಯಲ್ಲಿ ಈ ಕೆಲಸ ಬೇಡ, ಬಿಳಿ ಅಂಟು ಚಳಿಗೆ ಸೀಮೆಸುಣ್ಣದ ಹಾಗೆ ಪುಡಿಪುಡಿಯಾಗಿ ಒಣಗುತ್ತದೆ.

ಹೊರಗೆ ಅಂಟಿಸಿದ ಮೇಲೆ ಒಳಮುಖಕ್ಕೂ ಬೇಗ ಅಂಟಿಸಿ. ಬಟ್ಟೆ ಒಣಗುತ್ತಾ ಬಿಗಿದುಕೊಳ್ಳುತ್ತದೆ. ಒಂದೇ ಕಡೆ ಇದ್ದರೆ ಹಲಗೆ ಆ ಕಡೆಗೆ ಬಾಗುತ್ತದೆ.

ಹೋಗಲಿ, ಸರಿಯಾಗಿ ಅಂಟಿದೆ ಎಂದು ತಿಳಿಯುವುದು ಹೇಗೆ? ಗೋಡೆಗೆ ಕೈ ಹಾಕುವ ಮೊದಲು ಒಂದು ಅಡಿ ಚದರದ ತುಂಡು ಮಾಡಿ, ನಾಲ್ಕೈದು ದಿನ ಬಿಟ್ಟು ಎಳೆಯಿರಿ. ಬಟ್ಟೆಯ ಹಿಂದೆ ಹರಿದ ಫೋಮ್ ಮೆತ್ತಿಕೊಂಡು ಬಂದರೆ ಗೆದ್ದಿರಿ. ಬರೀ ಬಟ್ಟೆ ಬಂದರೆ ಇನ್ನಷ್ಟು ಉಜ್ಜಬೇಕು.

ಪ್ರಶ್ನೆ: ಎರಡು ಹಲಗೆಗಳ ಅಂಚಿಗೆ ಅಂಚು ಕೂಡಿಸಲು ಇದೇ ಬಿಳಿ ಅಂಟು ಹಾಕಿ ತಿಂಗಳಾಯಿತು, ಬಿಚ್ಚಿದರೆ ಒಳಗೆ ಇನ್ನೂ ಹಸಿ ಇದೆ.

ಬಿಳಿ ಅಂಟು ಒಣಗಬೇಕಾದರೆ ಅದರ ನೀರು ಎಲ್ಲಿಗಾದರೂ ಹೋಗಬೇಕಲ್ಲ. ಬಟ್ಟೆಯ ಮೂಲಕ ಹೋಗುತ್ತದೆ, ಎರಡು ಫೋಮ್ ನಡುವೆ ಸಿಕ್ಕಿದರೆ ಹೋಗಲು ದಾರಿಯಿಲ್ಲ. ಅಲ್ಲಿಗೆ ಪಾಲಿಯುರೆಥೇನ್ ಅಂಟು ಬಳಸಿ. ಅದು ತೇವದಿಂದಲೇ ಗಟ್ಟಿಯಾಗುವ ಜಾತಿ, ಹಾಗಾಗಿ ಅಂಚಿಗೆ ಸ್ವಲ್ಪ ನೀರು ಚಿಮುಕಿಸಿ ತೆಳ್ಳಗೆ ಹಚ್ಚಿ. ಉಬ್ಬುತ್ತದೆ, ಆದ್ದರಿಂದ ಭಾರ ಹೇರಿ ಅಥವಾ ಬಿಗಿಯಾಗಿ ಟೇಪ್ ಸುತ್ತಿ ಬಿಡಿ.

ಪ್ರಶ್ನೆ: ನನ್ನದು ಚಿಕ್ಕ ಕಾರು. ನಿಜವಾಗಿ ಎಷ್ಟು ತೂಕ ಬರುತ್ತದೆ, ಸುಮ್ನೆ ಅಂದಾಜು ಬೇಡ, ಲೆಕ್ಕ ಹೇಳಿ.

ಬನ್ನಿ, ಲೆಕ್ಕ ಹಾಕೋಣ. 2.4 ಮೀಟರ್ ಉದ್ದ, 1.5 ಮೀಟರ್ ಅಗಲ, 1.2 ಮೀಟರ್ ಎತ್ತರದ ಡಬ್ಬ ಎಂದುಕೊಳ್ಳಿ. ನಾಲ್ಕು ಗೋಡೆ, ಒಂದು ಮಾಡು ಸೇರಿ ಸುಮಾರು 13 ಚದರ ಮೀಟರ್. 50 ಮಿ.ಮೀ. ದಪ್ಪದ ಫೋಮ್, ಘನ ಮೀಟರಿಗೆ 30 ಕಿಲೋ ಹಿಡಿದರೆ 20 ಕಿಲೋ ದಾಟುವುದಿಲ್ಲ. ಇದೇ ಡಬ್ಬವನ್ನು 12 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿದರೆ 90 ಕಿಲೋ ಮೇಲೆ.

ಆದರೆ ಇಲ್ಲಿಗೇ ಖುಷಿಪಡಬೇಡಿ. ಒಳಗೂ ಹೊರಗೂ ಸೇರಿ 26 ಚದರ ಮೀಟರ್ ಬಟ್ಟೆ, ಚದರ ಮೀಟರಿಗೆ 300 ಗ್ರಾಂ ಎಂದರೆ ಸುಮಾರು 8 ಕಿಲೋ. ಆ ಬಟ್ಟೆ ಕುಡಿಯುವ ಅಂಟು, ಮೇಲೆ ಎರಡು ಮೂರು ಕೋಟ್ ಪೇಂಟ್ ಸೇರಿದರೆ ಒಣಗಿದ ಮೇಲೂ ಬಟ್ಟೆಗಿಂತ ಜಾಸ್ತಿ ತೂಗುತ್ತವೆ. ದಪ್ಪ ಬಟ್ಟೆ ಹಾಕಿದಷ್ಟೂ ಅಂಟು ಜಾಸ್ತಿ ಕುಡಿಯುತ್ತದೆ, ಹಾಗಾಗಿ ಗಟ್ಟಿ ಬರಲಿ ಎಂದು ಡೇರೆಯ ಕ್ಯಾನ್ವಾಸ್ ತರಬೇಡಿ. ನೆಲದ ಪ್ಲೈವುಡ್ 26 ಕಿಲೋ, ಬಾಗಿಲು ಕಿಟಕಿ ಚೌಕಟ್ಟು 10-15 ಕಿಲೋ. ಕೆಳಗಿನ ಕಬ್ಬಿಣದ ಚೌಕಟ್ಟು, ಅಚ್ಚು (ಆಕ್ಸಲ್), ಚಕ್ರ ಇವೇ ಎಲ್ಲಕ್ಕಿಂತ ಭಾರ. ಗಾಡಿ ಹಗುರ ಆಗಬೇಕಾದರೆ ಡಬ್ಬದಲ್ಲಿ ಗ್ರಾಂ ಉಳಿಸುವುದಕ್ಕಿಂತ ಚೌಕಟ್ಟಿನ ಕಬ್ಬಿಣ ಹುಷಾರಾಗಿ ಆರಿಸಿ. ನಿಮ್ಮ ಕಾರು ಎಷ್ಟು ಎಳೆಯಬಹುದು ಎಂದು ಅದರ ಕೈಪಿಡಿಯಲ್ಲಿರುತ್ತದೆ, ಚೌಕಟ್ಟಿನ ಕೆಲಸಕ್ಕೆ ಮೊದಲೇ ಅದನ್ನು ನೋಡಿ.

ಪ್ರಶ್ನೆ: ಗಾಡಿ ಮುಗಿಯಿತು! ಖಾಲಿ ಇದ್ದಾಗ ಚೆನ್ನಾಗಿ ಬರುತ್ತದೆ. ಸಾಮಾನು, 20 ಲೀಟರ್ ನೀರಿನ ಕ್ಯಾನು ಹಿಂದಿಟ್ಟು ಹೊರಟರೆ ವೇಗ ಏರಿದಂತೆ ಹಿಂಭಾಗ ಎಡಕ್ಕೂ ಬಲಕ್ಕೂ ಓಲಾಡುತ್ತದೆ.

ಈ ಗಾಡಿಯನ್ನು ಹೀಗೇ ಇನ್ನೊಮ್ಮೆ ರಸ್ತೆಗಿಳಿಸಬೇಡಿ. ಹಿಂಭಾರ ಆಗಿದೆ. ನಿಮ್ಮ ಆ ಒಂದು ನೀರಿನ ಕ್ಯಾನು, ನಾಲ್ಕು ಗೋಡೆ ಮತ್ತು ಮಾಡಿನ ಇಡೀ ಫೋಮ್‌ನಷ್ಟು ತೂಗುತ್ತದೆ. ಭಾರದ ಗಾಡಿಯಲ್ಲಿ 20 ಕಿಲೋ ಹಿಂದಿಟ್ಟರೆ ಗೊತ್ತೇ ಆಗುವುದಿಲ್ಲ, ಹಗುರ ಗಾಡಿಯಲ್ಲಿ ಅದೇ ಲೆಕ್ಕ ತಪ್ಪಿಸುತ್ತದೆ.

ಒಟ್ಟು ತೂಕದ 10ರಿಂದ 15 ಶೇಕಡ, ಗಾಡಿಯನ್ನು ಕಾರಿಗೆ ಸಿಕ್ಕಿಸುವ ಮುಂದಿನ ಕೊಂಡಿಯ ಮೇಲೆ ಕೂರಬೇಕು. 250 ಕಿಲೋ ಗಾಡಿಗೆ 25ರಿಂದ 37 ಕಿಲೋ. ಅಳೆಯಲು ದೊಡ್ಡ ಸಾಧನ ಬೇಡ, ಮನೆಯಲ್ಲಿ ನಿಂತು ತೂಕ ನೋಡುವ ಯಂತ್ರದ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಸಾಮಾನು ತುಂಬಿದ ಗಾಡಿಯ ಚಕ್ರಕ್ಕೆ ಅಡ್ಡ ಕೊಟ್ಟು, ಗಾಡಿ ಮಟ್ಟವಾಗಿ ನಿಲ್ಲುವ ಹಾಗೆ ಕೊಂಡಿಯನ್ನು ಅದರ ಮೇಲೆ ಇಳಿಸಿ. ಕಾರಿನ ಕೊಂಡಿ ಎಷ್ಟು ಭಾರ ಹೊರಬಹುದು ಎಂಬ ಮಿತಿಯೂ ಕೈಪಿಡಿಯಲ್ಲಿರುತ್ತದೆ, ಅದನ್ನು ಮೀರಬಾರದು. ಕ್ಯಾನನ್ನು ಅಚ್ಚಿನ ನೇರಕ್ಕೆ, ಅಥವಾ ಸ್ವಲ್ಪ ಮುಂದಕ್ಕೆ ತನ್ನಿ. ಅಷ್ಟಾದರೂ ಸರಿಹೋಗದಿದ್ದರೆ ಅಚ್ಚನ್ನೇ ಹಿಂದಕ್ಕೆ ಸರಿಸಬೇಕಾಗುತ್ತದೆ.

ದಾರಿಯಲ್ಲಿ ಓಲಾಟ ಶುರುವಾದರೆ ಗಾಬರಿಯಲ್ಲಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಲೂಬೇಡಿ. ನೇರ ಹಿಡಿದು ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯಿರಿ. ಸುರಕ್ಷತೆಯ ಸರಪಳಿ ಎರಡನ್ನೂ ಕೊಂಡಿಯ ಕೆಳಗೆ ಕತ್ತರಿ ಹಾಕಿದಂತೆ ಅಡ್ಡಡ್ಡ ಕಟ್ಟಿ. ಕೊಂಡಿ ಬಿಟ್ಟರೂ ಮೂತಿ ನೆಲಕ್ಕೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ಕೂರುತ್ತದೆ.

ಪ್ರಶ್ನೆ: ಬಾಗಿಲಿನ ಕೀಲು ಫೋಮ್‌ನಲ್ಲಿ ನಿಲ್ಲುತ್ತಿಲ್ಲ, ಸ್ಕ್ರೂ ಹಾಗೇ ಕಿತ್ತು ಬರುತ್ತದೆ.

ಫೋಮ್‌ಗೆ ಸ್ಕ್ರೂ ನಿಲ್ಲುವುದೇ ಇಲ್ಲ. ಬಾಗಿಲು ಕಿಟಕಿ ಬರುವ ಕಡೆ ಅಂಚಿನ ಫೋಮ್ ಕೆತ್ತಿ ಮರದ ಪಟ್ಟಿ ಕೂರಿಸಿ, ಬಟ್ಟೆ ಅದರ ಮೇಲೆ ಹಾದು ಹೋಗಲಿ. ಕಪಾಟು, ದೀಪ ತೂಗುಹಾಕುವ ಕಡೆಗೂ ಮುಂಚೆಯೇ ಮರದ ತುಂಡು ಹೂತಿಡಿ. ಬಟ್ಟೆ ಮುಚ್ಚಿದ ಮೇಲೆ ಅವು ಎಲ್ಲಿವೆ ಎಂದು ಕಾಣುವುದಿಲ್ಲ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಬೆಳಗ್ಗೆ ಎದ್ದರೆ ಮಾಡಿನ ಒಳಗಿಂದ ನೀರು ತೊಟ್ಟಿಕ್ಕುತ್ತದೆ. ಮಾಡು ಸೋರುತ್ತಿದೆಯೇ? ಇನ್ನೊಂದು, ಚಳಿಗೆ ಒಳಗೇ ಸಣ್ಣ ಗ್ಯಾಸ್ ಒಲೆ ಹಚ್ಚಬಹುದೇ?

ಸೋರುತ್ತಿಲ್ಲ, ಅದು ನಿಮ್ಮ ಉಸಿರು. ಇಬ್ಬರು ಮಲಗಿದರೆ ಉಸಿರು, ಬೆವರು ಸೇರಿ ಒಂದು ರಾತ್ರಿಗೆ ಅರ್ಧ ಲೀಟರಿನಷ್ಟು ನೀರು ಗಾಳಿಗೆ ಬಿಡುತ್ತಾರೆ. ಕೆಳಗೊಂದು, ಮೇಲೊಂದು ಗಾಳಿಕಿಂಡಿ ಇಡಿ, ಚಳಿಯಿದ್ದರೂ ಪೂರ್ತಿ ಮುಚ್ಚಬೇಡಿ.

ಒಲೆ ಬೇಡ. ಗ್ಯಾಸ್ ಬೇಡ, ಇದ್ದಿಲು ಬೇಡ, ಮೇಣದಬತ್ತಿಯೂ ಬೇಡ. ಇಷ್ಟು ಚಿಕ್ಕ ಜಾಗದಲ್ಲಿ ಬೆಂಕಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮೇಲಾಗಿ ಪಾಲಿಸ್ಟೈರೀನ್ ಬೆಂಕಿ ಹಿಡಿದರೆ ಕರಗಿ ತೊಟ್ಟಿಕ್ಕುತ್ತಾ, ಕಪ್ಪು ವಿಷದ ಹೊಗೆ ಕಾರುತ್ತಾ ಉರಿಯುತ್ತದೆ. ಹೊರಬರಲು ನಿಮಗೆ ಸಿಗುವುದು ಕೆಲವೇ ಕ್ಷಣ. ಆದ್ದರಿಂದ ಎರಡು ಬಾಗಿಲು ಇಡಿ, ಇಲ್ಲವೇ ಒಬ್ಬರು ನುಸುಳುವಷ್ಟು ದೊಡ್ಡ ಕಿಟಕಿ. ಎರಡೂ ಹೊರಕ್ಕೆ ತೆರೆಯಬೇಕು, ಒಳಗಿನಿಂದ ಕೀಲಿಯಿಲ್ಲದೆ ತೆರೆಯಬೇಕು. ಹೊಗೆಯ ಅಲಾರಂ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡನ್ನೂ ಹಾಕಿ. ಅಡುಗೆ ಹೊರಗೆ, ಗಾಡಿಯಿಂದ ದೂರದಲ್ಲಿ. ಚಳಿಗೆ ಇನ್ನೊಂದು ಕಂಬಳಿ ಸಾಕು, 50 ಮಿ.ಮೀ. ಫೋಮ್ ನಿಮ್ಮ ಮೈ ಬಿಸಿಯನ್ನೇ ಚೆನ್ನಾಗಿ ಹಿಡಿದಿಡುತ್ತದೆ.

ಪ್ರಶ್ನೆ: ಗಾಡಿಗೆ ಕಡು ನೀಲಿ ಬಣ್ಣ ಬಳಿಯಬೇಕೆಂದು ಮಗಳ ಹಟ. ಬಳಿಯಬಹುದಾ?

ಮಾಡಿಗೂ ಗೋಡೆಗಳಿಗೂ ಬೇಡ. ಎಕ್ಸ್‌ಪಿಎಸ್ ಸುಮಾರು 75 ಡಿಗ್ರಿಯವರೆಗೆ ಮಾತ್ರ ತಾಳಿಕೊಳ್ಳುತ್ತದೆ. ಕಡು ಬಣ್ಣದ ಮೇಲ್ಮೈ ನೆತ್ತಿಯ ಬಿಸಿಲಿಗೆ ಆ ಮಟ್ಟದ ಹತ್ತಿರ ಹೋಗಬಲ್ಲದು, ಆಗ ಫೋಮ್ ಮೆತ್ತಗಾಗಿ ಬಟ್ಟೆ ಉಬ್ಬುತ್ತದೆ. ಬಿಳಿ ಅಥವಾ ತಿಳಿ ಬಣ್ಣ ಬಳಿಯಿರಿ. ಪೇಂಟ್ ಇಲ್ಲದೆ ಮಾತ್ರ ಬಿಡಬೇಡಿ, ಬಿಸಿಲು ಬಿದ್ದ ಬರೀ ಫೋಮ್ ಹಳದಿಯಾಗಿ ಪುಡಿ ಉದುರುತ್ತದೆ. ಬಾಗಿಲು ಪ್ಲೈವುಡ್‌ನಲ್ಲಿ ಮಾಡಿ ಮಗಳಿಗೆ ಬಿಟ್ಟುಕೊಡಿ, ಅದಕ್ಕೆ ಅವಳಿಷ್ಟದ ನೀಲಿ ಎಷ್ಟು ಕಡುವಾಗಿದ್ದರೂ ಪರವಾಗಿಲ್ಲ.