ದಸರಾ ರಜೆ, ವಂಡರ್‌ಲಾ ಮತ್ತು ದುಬಾರಿ ಟಿಕೆಟ್

ಪ್ರಶ್ನೆ: ದಸರಾ ರಜೆಯಲ್ಲಿ ರಾತ್ರಿ ಬಸ್ಸಿಗೆ ಹೊರಟು, ಬಿಡದಿ ಬಳಿಯ ವಂಡರ್‌ಲಾ ಮನರಂಜನಾ ಉದ್ಯಾನದಲ್ಲಿ ಒಂದು ದಿನ ಕಳೆಯಬೇಕೆಂದಿದ್ದೇವೆ. ನಮ್ಮಿಬ್ಬರ ಜೊತೆ ಹದಿನಾಲ್ಕರ ಮಗ, ಏಳರ ಮಗಳು ಹಾಗೂ ಅತ್ತೆಯವರಿದ್ದಾರೆ. ಎಲ್ಲರಿಗೂ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಕೊಳ್ಳಬೇಕೇ?
– ಗೃಹಿಣಿ, ನವನಗರ, ಬಾಗಲಕೋಟೆ

ಉತ್ತರ: ಎಲ್ಲರಿಗೂ ಬೇಡ. ಈ ದುಬಾರಿ ಟಿಕೆಟ್ಟಿನಿಂದ ಸಿಗುವುದು ಸರದಿಯಲ್ಲಿ ಕಾಯುವ ಸಮಯದ ಉಳಿತಾಯವೇ ಹೊರತು ಹೆಚ್ಚಿನ ಆಟಗಳಲ್ಲ. ಆದ್ದರಿಂದ ಮನೆಯವರಲ್ಲಿ ಯಾರು ಉದ್ದನೆಯ ಸರದಿಗಳಲ್ಲಿ ನಿಲ್ಲುವವರು ಎಂಬುದನ್ನು ಮೊದಲು ನೋಡಬೇಕು. ರಜೆಯ ದಿನ ಹೆಚ್ಚು ಜನ ನೆರೆಯುವುದು ರೋಲರ್ ಕೋಸ್ಟರ್‌ನಂತಹ ರಭಸದ ಆಟಗಳ ಮುಂದೆ. ಅಂತಹ ಹಲವು ಆಟಗಳಿಗೆ 140 ಸೆಂ.ಮೀ. ಎತ್ತರ ಇರಲೇಬೇಕೆಂಬ ನಿಯಮವಿರುವುದರಿಂದ, ಮಗಳ ಪಾಲಿಗೆ ಆ ಹಣ ಬಹುಮಟ್ಟಿಗೆ ವ್ಯರ್ಥವಾಗುತ್ತದೆ. ಹೊರಡುವ ಮೊದಲು ಮನೆಯ ಗೋಡೆಗೆ ನಿಲ್ಲಿಸಿ ಮಕ್ಕಳಿಬ್ಬರ ಎತ್ತರವನ್ನೂ ಅಳೆದುಕೊಳ್ಳಿ. ಅಲ್ಲಿ ಮಕ್ಕಳ ಟಿಕೆಟ್ ನಿರ್ಧಾರವಾಗುವುದೂ ವಯಸ್ಸಿನಿಂದಲ್ಲ, ಎತ್ತರದಿಂದ. ಅಲೆಗಳ ಕೊಳದಲ್ಲಿ ಸರದಿಯ ಪ್ರಶ್ನೆಯೇ ಇಲ್ಲ, ಮಗಳು ಹೆಚ್ಚು ಹೊತ್ತು ಕಳೆಯುವುದೂ ಬಹುಶಃ ಅಲ್ಲಿಯೇ. ಅತ್ತೆಯವರಿಗೆ ಹಿರಿಯ ನಾಗರಿಕರ ರಿಯಾಯಿತಿ ಟಿಕೆಟ್ ಸಾಕು, ವಯಸ್ಸಿನ ದಾಖಲೆ ಜೊತೆಗಿರಲಿ.

ಮಗನಿಗೂ ಅವನೊಡನೆ ಆಡುವ ಒಬ್ಬ ಹಿರಿಯರಿಗೂ ಮಾತ್ರ ಫಾಸ್ಟ್‌ಟ್ರ್ಯಾಕ್ ಕೊಂಡರೆ, ಅಷ್ಟು ದೂರದಿಂದ ನಿದ್ದೆಗೆಟ್ಟು ಬಂದವರಿಗೆ ಅದು ಖಂಡಿತ ಸಾರ್ಥಕ. ಲಾಕರ್‌ಗೆ ಕೊಡುವ ಬಾಡಿಗೆಯನ್ನಂತೂ ಉಳಿಸಲು ಹೋಗಬೇಡಿ: ಒದ್ದೆ ಬಟ್ಟೆ, ಮೊಬೈಲು, ಹಣದ ಚೀಲಗಳನ್ನು ಅತ್ತೆಯವರು ದಿನವಿಡೀ ಕಾಯುತ್ತ ಕೂರುವುದು ಸರಿಯಲ್ಲ.

ದಿನ ಬದಲಿಸಲು ಸಾಧ್ಯವಿದ್ದರೆ ಆಯುಧಪೂಜೆಗೆ ಮುಂಚಿನ ಮಂಗಳವಾರವನ್ನೋ ಬುಧವಾರವನ್ನೋ ಆರಿಸಿಕೊಳ್ಳಿ. ಜನ ಕಡಿಮೆಯಿದ್ದರೆ ಆ ಎರಡು ಟಿಕೆಟ್‌ಗಳೂ ಬೇಕಾಗಲಿಕ್ಕಿಲ್ಲ.