2016ರ ಒಹಾಯೋ ಸ್ಟೇಟ್–ಮಿಷಿಗನ್ ಅಮೆರಿಕನ್ ಕಾಲೇಜು ಫುಟ್‌ಬಾಲ್ ಪಂದ್ಯದಲ್ಲಿ ವಿಡಿಯೊ ನೋಡಿಯೂ ತೀರ್ಪು ಯಾಕೆ ಬದಲಾಗಲಿಲ್ಲ?

ಚೆಂಡು ಗೆರೆ ಮುಟ್ಟಿತ್ತೇ ಎಂಬುದಲ್ಲ, ಮುಟ್ಟಲಿಲ್ಲ ಎಂದು ವಿಡಿಯೊದಿಂದ ಸಾಬೀತಾಯಿತೇ ಎಂಬುದಷ್ಟೇ ಅಲ್ಲಿದ್ದ ಪ್ರಶ್ನೆ.

ನವೆಂಬರ್ 26, ಕೊಲಂಬಸ್. ಎರಡನೇ ಓವರ್‌ಟೈಮ್‌ನಲ್ಲಿ ಮಿಷಿಗನ್ 27-24ರಿಂದ ಮುಂದಿತ್ತು. ಒಹಾಯೋ ಸ್ಟೇಟ್‌ಗೆ ಅದು ನಾಲ್ಕನೇ, ಅಂದರೆ ಕೊನೆಯ ಯತ್ನ. ಹತ್ತು ಗಜ ಮುಂದಿನ ಗೆರೆ ಮುಟ್ಟಲು ಬೇಕಿದ್ದದ್ದು ಒಂದೇ ಗಜ, ಮುಟ್ಟದಿದ್ದರೆ ಸೋಲು. ದಾಳಿ ನಡೆಸುವ ಆಟಗಾರ (ಕ್ವಾರ್ಟರ್‌ಬ್ಯಾಕ್) ಜೆ.ಟಿ. ಬ್ಯಾರೆಟ್ ತಾನೇ ಚೆಂಡು ಹಿಡಿದು ಎಡಕ್ಕೆ ನುಗ್ಗಿ, ತನ್ನದೇ ತಂಡದವನ ಬೆನ್ನಿಗೆ ಬಡಿದು ನಿಂತ. ಗಜ ಸಿಕ್ಕಿತು ಎಂದು ರೆಫರಿಗಳು ತೀರ್ಪಿತ್ತರು, ವಿಡಿಯೊ ಪರಿಶೀಲನೆಯ ಬಳಿಕವೂ ಅದೇ ಉಳಿಯಿತು. ಮುಂದಿನ ಆಟದಲ್ಲೇ ಕರ್ಟಿಸ್ ಸ್ಯಾಮ್ಯುಯೆಲ್ 15 ಗಜ ಓಡಿ ಆರು ಅಂಕದ ಟಚ್‌ಡೌನ್ ಮಾಡಿದ. 30-27, ಪಂದ್ಯ ಮುಗಿಯಿತು.

ಇಲ್ಲಿ ಲೆಕ್ಕಕ್ಕೆ ಬರುವುದು ಆಟಗಾರನ ಕಾಲಲ್ಲ, ಅವನ ಮುನ್ನಡೆ ನಿಂತ ಕ್ಷಣದಲ್ಲಿ ಚೆಂಡಿನ ಮುಂತುದಿ ಎಲ್ಲಿತ್ತು ಎಂಬುದು. ಅಂಚಿನಿಂದ ಓಡಿಬರುವ ರೆಫರಿ ಅದನ್ನು ಕಣ್ಣಳತೆಯಲ್ಲೇ ಗುರುತಿಸಬೇಕು. ಆಮೇಲೆ ಹತ್ತು ಗಜ ಅಳೆಯುವ ಸರಪಳಿ ಎಷ್ಟು ನಿಖರವಾಗಿ ಅಳೆದರೇನು, ಚೆಂಡು ಇಟ್ಟ ಜಾಗವೇ ಅಂದಾಜು! ಮುಟ್ಟಬೇಕಾದ ಜಾಗವನ್ನು ತೋರಿಸುವ ಟಿವಿಯ ಹಳದಿ ಗೆರೆಯೂ ಅಧಿಕೃತವಲ್ಲ. ಕ್ಯಾಮೆರಾ ಆ ಗೆರೆಗೆ ನೇರವಾಗಿ ಇರದಿದ್ದರೆ ಓರೆ ನೋಟದಲ್ಲಿ ಚೆಂಡು ಹಿಂದೆ ಅಥವಾ ಮುಂದೆ ಇದ್ದಂತೆ ಕಾಣುತ್ತದೆ. ಜೊತೆಗೆ ಮೈಗಳ ರಾಶಿ ಅದನ್ನು ಮರೆಮಾಡುತ್ತದೆ.

ತೀರ್ಪು ಬದಲಿಸಲು ನಿರ್ವಿವಾದ ದೃಶ್ಯ ಸಾಕ್ಷ್ಯ ಬೇಕು. ಅನುಮಾನವಿದ್ದರೆ ಮೈದಾನದ ತೀರ್ಪೇ ‘ನಿಲ್ಲುತ್ತದೆ’. ಅದು ‘ದೃಢಪಟ್ಟಿದೆ’ ಎಂಬುದಕ್ಕಿಂತ ಬೇರೆ ಮಾತು. ಗಜ ಸಿಗಲಿಲ್ಲ ಎಂದು ಮೊದಲೇ ಹೇಳಿದ್ದರೆ ಬಹುಶಃ ಅದೂ ಹಾಗೆಯೇ ನಿಲ್ಲುತ್ತಿತ್ತು.