ಈಜು ಬಾರದವರು ಜಪಾನಿನ ಕಡಲಲ್ಲಿ ಗೈಡ್ ಜೊತೆ ಕಯಾಕ್ ಹೋಗಬಹುದೇ?

ನೀವು ಕೇಳಿದ್ದು ಇಷ್ಟು: ಅಕ್ಟೋಬರ್ ಕೊನೆಯ ವಾರ ಟೋಕಿಯೊದಲ್ಲಿ ಇರುತ್ತೀರಿ, ಗೈಡ್ ಜೊತೆ ಅರ್ಧ ದಿನ ಸೀ ಕಯಾಕಿಂಗ್ ಮಾಡುವ ಆಸೆ. ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಒಂದು ಗಂಟೆ ಹುಟ್ಟು ಹಾಕಿದ್ದು ಬಿಟ್ಟರೆ ಅನುಭವವಿಲ್ಲ, ಈಜು ಬರುವುದಿಲ್ಲ. ಹೋಗಬಹುದೇ, ಎಲ್ಲಿಗೆ, ಏನು ತಿಳಿದಿರಬೇಕು?

ಹೋಗಬಹುದು. ಲೈಫ್ ಜಾಕೆಟ್ ಸರಿಯಾಗಿ ಬಿಗಿದಿದ್ದರೆ ಈಜು ಬಾರದವರೂ ತೇಲುತ್ತಾರೆ. ಕಷ್ಟವಾಗುವುದು ಮುಖ ನೀರೊಳಗೆ ಹೋದ ಕೂಡಲೇ ಗಾಬರಿ ಬೀಳುವವರಿಗೆ. ಆದ್ದರಿಂದ ಹೊರಡುವ ಮುನ್ನ ಊರಿನಲ್ಲೇ ಯಾವುದಾದರೂ ಈಜುಕೊಳದ ಎದೆಮಟ್ಟದ ನೀರಿನಲ್ಲಿ, ತರಬೇತುದಾರರು ಪಕ್ಕದಲ್ಲಿರುವಾಗ, ಮುಳುಗಿ ಮೂಗಿನಿಂದ ನಿಧಾನವಾಗಿ ಗುಳ್ಳೆ ಬಿಡುತ್ತಾ ಹತ್ತು ಸೆಕೆಂಡ್ ಇರುವುದನ್ನು ರೂಢಿ ಮಾಡಿಕೊಳ್ಳಿ. ನಾಲ್ಕೈದು ದಿನ ಸಾಕು. ಬುಕ್ ಮಾಡುವಾಗ ಈಜು ಬಾರದು ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಆಗ ನಿಮ್ಮನ್ನು ಇಬ್ಬರು ಕೂರುವ ದೋಣಿಯಲ್ಲಿ ಕೂರಿಸುತ್ತಾರೆ. ಭುಜ ಒಮ್ಮೆ ಕೀಲು ತಪ್ಪಿದ್ದರೆ ಅದನ್ನೂ ಹೇಳಲೇಬೇಕು.

ಹೊಸಬರ ದಿನ ಚೆನ್ನಾಗಿ ಹೋಗುವುದೂ ಕೆಡುವುದೂ ತೋಳಿನ ಬಲಕ್ಕಿಂತ ಹೆಚ್ಚಾಗಿ ಗಾಳಿಯ ಮೇಲೆ ನಿಂತಿದೆ. ಜಪಾನಿನ ಹವಾಮಾನ ವರದಿಯಲ್ಲಿ ಗಾಳಿಯನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಕೊಡುತ್ತಾರೆ. 3 ಮೀಟರ್ ಇದ್ದರೆ ಹಾಯಾದ ದಿನ. 5 ಮೀಟರ್ ಆಸುಪಾಸಿನಲ್ಲಿ ಅಲೆಗಳ ತುದಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಾಣತೊಡಗುತ್ತದೆ. ಹೊಸಬರಿಗೆ ನಾನು ಹಾಕುವ ಗೆರೆ ಅಲ್ಲಿಗೇ. ಹೊಸಬರು ಶಾಂತ ನೀರಿನಲ್ಲಿ ಗಂಟೆಗೆ 3ರಿಂದ 4 ಕಿ.ಮೀ. ಹೋಗುತ್ತಾರೆ. ಎದುರುಗಾಳಿ 8 ಮೀಟರಿಗೇರಿದರೆ ಎಷ್ಟು ಹುಟ್ಟು ಹಾಕಿದರೂ ದಡದ ಬಂಡೆ ಇದ್ದಲ್ಲೇ ಇರುತ್ತದೆ. ಎಲ್ಲಕ್ಕಿಂತ ಮೋಸದ್ದು ದಡದಿಂದ ಕಡಲಿನತ್ತ ಬೀಸುವ ಗಾಳಿ. ಗುಡ್ಡದ ಮರೆಯಲ್ಲಿ ದಡದ ಬಳಿ ನೀರು ಕನ್ನಡಿಯಂತಿರುತ್ತದೆ, ಮರಳಿನ ಮೇಲೆ ನಿಂತವರಿಗೆ ‘ಎಂಥ ಒಳ್ಳೆಯ ದಿನ’ ಅನ್ನಿಸುತ್ತದೆ. ಮುನ್ನೂರು ಮೀಟರ್ ಆಚೆ ಮರೆ ತಪ್ಪಿದೊಡನೆ ಅದೇ ಗಾಳಿ ದೋಣಿಯನ್ನು ಹೊರಗೆ ತಳ್ಳುತ್ತದೆ, ಮರಳುವ ದಾರಿ ಪೂರಾ ಎದುರುಗಾಳಿಯಾಗುತ್ತದೆ. ಹೀಗಾಗಿ ಗೈಡ್ ‘ದಡಕ್ಕೆ ಅಂಟಿಕೊಂಡು ಬನ್ನಿ’ ಎಂದರೆ ಅದು ಬರಿಯ ಶಿಸ್ತಿನ ಮಾತೆಂದುಕೊಳ್ಳಬೇಡಿ. ವರದಿಯಲ್ಲಿ ಅಲೆಯ ಎತ್ತರದ ಪಕ್ಕದಲ್ಲಿ ‘ಉನೆರಿ’ ಎಂಬ ಪದವಿದೆಯೇ ಎಂದೂ ನೋಡಿ. ದೂರದ ಚಂಡಮಾರುತದಿಂದ ಹೊರಟು ಬರುವ ಉದ್ದನೆಯ ಅಲೆಗೆ ಆ ಹೆಸರು. ಇಲ್ಲಿ ಗಾಳಿಯೇ ಇಲ್ಲದಿದ್ದರೂ ಅದು ಬಂಡೆಗಳ ಬಳಿ ಎದ್ದು ಒಡೆಯುತ್ತದೆ. ಅಕ್ಟೋಬರಿನಲ್ಲೂ ಚಂಡಮಾರುತಗಳು ಬರುವುದುಂಟು.

ಜಾಗದ ಮಾತಿಗೆ ಬಂದರೆ, ಟೋಕಿಯೊದಿಂದ ಬೆಳಿಗ್ಗೆ ಹೋಗಿ ಸಂಜೆ ಬರುವುದಾದರೆ ಮಿಯುರಾ ಪರ್ಯಾಯ ದ್ವೀಪವೇ ಸರಿ. ಜುಷಿ ಊರಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ, ಪಕ್ಕದ ಹಯಾಮಾಕ್ಕೆ ಅಲ್ಲಿಂದ ಬಸ್ಸು; ತೀರ ಪಶ್ಚಿಮಕ್ಕೆ ಮುಖ ಮಾಡಿದೆ, ತಿಳಿ ಹವೆಯಿದ್ದರೆ ಸಗಾಮಿ ಕೊಲ್ಲಿಯಾಚೆ ಫೂಜಿ ಪರ್ವತ ಕಾಣುತ್ತದೆ. ಪರ್ಯಾಯ ದ್ವೀಪದ ತುದಿಯ ಕಡೆ ಕೊವಾಜಿರೊ, ಅಬುರಾತ್ಸುಬೊ ಎಂಬ ಕಿರುಕೊಲ್ಲಿಗಳು ಒಳನಾಡಿಗೆ ಬೆರಳು ಚಾಚಿದಂತಿವೆ. ಹೊರಗೆ ತುಸು ಗಾಳಿಯಿದ್ದ ದಿನವೂ ಒಳಗೆ ಹುಟ್ಟು ಹಾಕಬಹುದು. ಒಂದು ರಾತ್ರಿ ತಂಗುವುದಾದರೆ ಮಾತ್ರ ಇಜು ಪರ್ಯಾಯ ದ್ವೀಪದ ಪಶ್ಚಿಮ ತೀರದ ದೋಗಶಿಮಾ ನೋಡಿ. ಶಿಂಕಾನ್ಸೆನ್ ಎಂಬ ವೇಗದ ರೈಲಿನಲ್ಲಿ ಮಿಶಿಮಾ, ಅಲ್ಲಿಂದ ಸಣ್ಣ ರೈಲಿನಲ್ಲಿ ಶುಜೆಂಜಿ, ಆಮೇಲೆ ಒಂದೂವರೆ ಗಂಟೆಯ ಬಸ್ಸು. ಕಡಲಡಿಯ ಜ್ವಾಲಾಮುಖಿಗಳ ಬೂದಿ, ಕಲ್ಲು ಪದರಪದರವಾಗಿ ಕೂತು ಆಮೇಲೆ ಮೇಲೆದ್ದ ಬಿಳಿ ಬಂಡೆಗಳು, ಅವುಗಳಲ್ಲಿ ಅಲೆ ಕೊರೆದ ಗುಹೆಗಳು. ಚಾವಣಿ ಕುಸಿದು ಬೆಳಕು ನೇರ ನೀರಿಗೆ ಬೀಳುವ ತೆನ್ಸೋದೋ ಗುಹೆ 1935ರಿಂದ ರಾಷ್ಟ್ರೀಯ ನೈಸರ್ಗಿಕ ಸ್ಮಾರಕ. ಇಡೀ ಇಜು 2018ರಿಂದ ಯುನೆಸ್ಕೊ ಜಿಯೋಪಾರ್ಕ್. ಆದರೆ ಆ ತೀರಕ್ಕೆ ಪಡುಗಾಳಿ ನೇರ ಬಡಿಯುತ್ತದೆ, ಚಳಿಗಾಲ ಹತ್ತಿರವಾದಂತೆ ಅದು ಹೆಚ್ಚುತ್ತದೆ. ಅಲ್ಲಿಗೆ ಹೋಗುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಲೇಬೇಕು.

ಹೊನ್ನಾವರದಲ್ಲಿ ನೀವು ಕೂತದ್ದು ಬಹುಶಃ ಮೇಲೆ ಕೂರುವ, ತೆರೆದ ಕಯಾಕ್. ಸೀ ಕಯಾಕ್ ಬೇರೆ: ಒಬ್ಬರದು 5 ಮೀಟರ್ ಹತ್ತಿರ ಉದ್ದ, ಸೊಂಟದಗಲ, ಮೇಲ್ಭಾಗ ಮುಚ್ಚಿದ್ದು. ನೀವು ಕಾಕ್‌ಪಿಟ್ ಎಂಬ ರಂಧ್ರದೊಳಗೆ ಕಾಲು ತೂರಿಸಿ ಕೂರುತ್ತೀರಿ, ನೀರು ಒಳಬರದಂತೆ ಸೊಂಟಕ್ಕೆ ಕಟ್ಟಿದ ಸ್ಪ್ರೇ ಸ್ಕರ್ಟನ್ನು ಅದರ ಅಂಚಿಗೆ ಸಿಕ್ಕಿಸುತ್ತೀರಿ. ಅರ್ಧ ದಿನದ ಎಷ್ಟೋ ಟೂರ್‌ಗಳಲ್ಲಿ ಸ್ಕರ್ಟ್ ಇರುವುದೇ ಇಲ್ಲ. ಬುಕ್ ಮಾಡುವಾಗ ಕೇಳಿಕೊಳ್ಳಿ. ಕೂತಾಗ ಅಂಗಾಲು ಒಳಗಿನ ಆನಿಕೆಗೆ ತಾಗಬೇಕು, ಮಂಡಿ ತುಸು ಮಡಿದು ಮೇಲ್ಭಾಗದ ಒಳಮೈಗೆ ಮುಟ್ಟುವಂತಿರಬೇಕು. ಕಾಲು ನೀಡಿಕೊಂಡು ಕೂತವರಿಗೆ ಅರ್ಧ ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ. ಆನಿಕೆ ಸರಿಯಿಲ್ಲದಿದ್ದರೆ ದಡದಲ್ಲೇ ಹೇಳಿ, ನೀರಿಗಿಳಿದ ಮೇಲೆ ಸರಿಪಡಿಸುವುದು ರಗಳೆ.

ಸ್ಕರ್ಟ್ ಇದ್ದರೆ ಒಂದೇ ಒಂದು ವಿಷಯವನ್ನು ಕಣ್ಣು ಮುಚ್ಚಿಯೂ ಮಾಡಲು ಬರಬೇಕು: ಮಗುಚಿದಾಗ ಹೊರಬರುವುದು. ಮಗುಚುವುದಕ್ಕೆ ಜಪಾನಿನ ಕಯಾಕಿಗರು ‘ಚಿನ್’ ಎನ್ನುತ್ತಾರೆ. ಸ್ಕರ್ಟಿನ ಮುಂತುದಿಯಲ್ಲಿ ಒಂದು ಪಟ್ಟಿಯ ಕುಣಿಕೆಯಿದೆ. ಅದು ಹೊರಗೇ ಕಾಣುತ್ತಿರಬೇಕು. ಹೊಸಬರು ಮಾಡುವ ಅತಿ ಅಪಾಯದ ತಪ್ಪೆಂದರೆ ಸ್ಕರ್ಟ್ ಸಿಕ್ಕಿಸುವಾಗ ಕುಣಿಕೆಯನ್ನೂ ಒಳಗೆ ಮಡಚಿಬಿಡುವುದು. ಹೊರಡುವ ಮುನ್ನ ಕೈಯಿಂದ ಮುಟ್ಟಿ ನೋಡಿ, ಪಕ್ಕದವರದ್ದನ್ನೂ ನೋಡಿ. ಮಗುಚಿದರೆ ಹಣೆ ಮುಂದಕ್ಕೆ ಬಾಗಿರಲಿ. ಹಿಂದಕ್ಕೆ ಬಾಗಿದರೆ ಮುಖ ಬಂಡೆಗೆ ತಾಗಬಹುದು, ಕುಣಿಕೆಯೂ ಕೈಗೆಟಕುವುದಿಲ್ಲ. ಕುಣಿಕೆಯನ್ನು ಮೊದಲು ಮುಂದಕ್ಕೆ ನೂಕಿ ಆಮೇಲೆ ಎಳೆಯಿರಿ, ಸ್ಕರ್ಟ್ ಕಳಚಿಕೊಳ್ಳುತ್ತದೆ. ಎರಡೂ ಕೈ ಸೊಂಟದ ಪಕ್ಕ ದೋಣಿಯ ಅಂಚಿಗೆ ಊರಿ, ಪ್ಯಾಂಟ್ ಕಳಚುವ ಹಾಗೆ ದೋಣಿಯನ್ನು ಕಾಲಿನಿಂದ ತಳ್ಳಿ. ಎಲ್ಲ ಸೇರಿ ಐದಾರು ಸೆಕೆಂಡ್. ಮೇಲೆ ಬಂದಮೇಲೆ ದೋಣಿ, ಹುಟ್ಟು ಎರಡನ್ನೂ ಬಿಡಬೇಡಿ, ದಡದತ್ತ ಹೋಗಲು ಒದ್ದಾಡಬೇಡಿ. ಗೈಡ್ ಬಂದು ನಿಮ್ಮ ದೋಣಿಯ ಮೂತಿಯನ್ನು ತನ್ನ ದೋಣಿಯ ಮೇಲೆ ಎಳೆದು ನೀರು ಬಸಿದು, ತಿರುಗಿಸಿ, ಪಕ್ಕಕ್ಕಿಟ್ಟು ಗಟ್ಟಿಯಾಗಿ ಹಿಡಿಯುತ್ತಾರೆ. ನೀವು ಆಚೆ ಬದಿಯಿಂದ ಎರಡೂ ಕಾಲನ್ನು ನೀರಿನ ಮೇಲ್ಮಟ್ಟಕ್ಕೆ ತಂದು ಒದೆಯುತ್ತಾ, ಎದೆಯನ್ನು ದೋಣಿಯ ಹಿಂಭಾಗದ ಮೇಲೆ ಜಾರಿಸಿ, ಬೋರಲಾಗಿಯೇ ಕಾಲನ್ನು ಒಳಗೆ ತೂರಿಸಿ, ಗೈಡ್ ಕಡೆಗೇ ಹೊರಳಿ ಕೂರಬೇಕು. ಕಾಲು ನೀರೊಳಗೆ ನೇತಾಡುತ್ತಿದ್ದರೆ ಎಷ್ಟು ಬಲವಿದ್ದರೂ ಹತ್ತಲಾಗದು. ಇದನ್ನು ದಡದ ಬಳಿ ಒಮ್ಮೆ ಮಾಡಿಸದೆ ಸ್ಕರ್ಟ್ ಹಾಕಿಸಿ ಹೊರಗೆ ಕರೆದೊಯ್ಯುವ ಟೂರ್ ನಿಮಗೆ ಬೇಡ.

ಹುಟ್ಟು ಹಿಡಿಯುವುದು ಸುಲಭ: ತಲೆಯ ಮೇಲಿಟ್ಟಾಗ ಮೊಣಕೈ ಲಂಬಕೋನದಲ್ಲಿರುವಷ್ಟು ಅಂತರ, ಒಳಬಾಗಿದ ಮುಖ ನಿಮ್ಮ ಕಡೆ. ಅಲಗನ್ನು ಕಾಲ್ಬೆರಳಿನ ಪಕ್ಕ ಮುಳುಗಿಸಿ ಸೊಂಟದ ಬಳಿ ಎತ್ತಿಬಿಡಿ. ಅದಕ್ಕೂ ಹಿಂದೆ ಎಳೆದರೆ ನೀರು ಎತ್ತಿದಂತಾಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಮೈ ತಿರುಗಿಸಿ ಎಳೆಯಿರಿ. ಬರೀ ತೋಳಿನಿಂದ ಎಳೆದವರು ಇಪ್ಪತ್ತು ನಿಮಿಷಕ್ಕೆ ಸೋಲುತ್ತಾರೆ. ಹಿಡಿ ಸಡಿಲವಿದ್ದರೆ ಬೊಬ್ಬೆ ಬರುವುದಿಲ್ಲ. ಇಬ್ಬರ ದೋಣಿಯಲ್ಲಿ ಲಯ ಮುಂದಿನವರದು, ಹಿಂದಿನವರು ಅದನ್ನು ನೋಡಿ ಕೂಡಿಸಬೇಕು, ಇಲ್ಲವಾದರೆ ಹುಟ್ಟುಗಳು ಠಣ್ ಎಂದು ಬಡಿಯುತ್ತವೆ. ಚುಕ್ಕಾಣಿಯ ಪೆಡಲ್ ಹಿಂದಿನವರ ಪಾದದಲ್ಲಿ: ಬಲ ಒತ್ತಿದರೆ ಬಲಕ್ಕೆ. ಅದರ ಮೇಲೆ ಕಾಲು ಊರಿ ಬಲ ಹಾಕಿದರೆ ದೋಣಿ ಹಾವಿನಂತೆ ಹೊರಳುತ್ತದೆ. ಗಾಳಿ ಬದಿಯಿಂದ ಬೀಸುವಾಗ ದೋಣಿ ತಾನಾಗಿ ಗಾಳಿಯತ್ತ ಮೂತಿ ತಿರುಗಿಸುತ್ತದೆ. ಚಲಿಸುವ ದೋಣಿಯ ಮುಂಭಾಗವನ್ನು ನೀರಿನ ಒತ್ತಡ ಹಿಡಿದಿರುತ್ತದೆ, ಹಿಂಭಾಗ ಮಾತ್ರ ಸಡಿಲವಾಗಿ ಜಾರುತ್ತದೆ. ಚುಕ್ಕಾಣಿ ಇಳಿಸಿ, ಅಥವಾ ಗಾಳಿ ಬರುವ ಬದಿಯಲ್ಲಿ ಹುಟ್ಟನ್ನು ಅಗಲವಾಗಿ ಬೀಸಿ ಎಳೆಯಿರಿ.

ಬಂದರಿನ ಬಾಯಿ ದಾಟುವಾಗ ಗುಂಪು ಚದುರಬಾರದು, ಒಟ್ಟಾಗಿ ಬೇಗ ದಾಟಬೇಕು. ಜಪಾನಿನಲ್ಲಿ ಕಡಲಿನಿಂದ ಬಂದರಿಗೆ ಬರುವಾಗ ಬಲಕ್ಕೆ ಕೆಂಪು ದೀಪಸ್ತಂಭ, ಎಡಕ್ಕೆ ಬಿಳಿಯದು. ಅವೆರಡರ ನಡುವೆ ದೋಣಿಗಳ ದಾರಿ. ಮೀನುದೋಣಿಯ ಅಲೆ ಬಂದರೆ ಮೂತಿಯನ್ನು ಅದಕ್ಕೆ ಎದುರಾಗಿಸಿ. ಬೂಯಿಗಳ, ಅಂದರೆ ನೀರಿನ ಮೇಲೆ ತೇಲುವ ಗುಂಡುಗಳ, ಸಾಲು ಕಂಡರೆ ಕೆಳಗೆ ಬಲೆಯೋ ಕಡಲಪಾಚಿಯ ಹಗ್ಗವೋ ಇದೆಯೆಂದು ತಿಳಿಯಿರಿ, ಅದಕ್ಕೆ ದೋಣಿ ಕಟ್ಟಬೇಡಿ. ಬಂಡೆಯ ಮೇಲಿನ ಚಿಪ್ಪು, ಪಾಚಿ ಏನನ್ನೂ ನೆನಪಿಗೆಂದು ಕೀಳಬೇಡಿ. ಅವುಗಳ ಮೇಲೆ ಸ್ಥಳೀಯ ಮೀನುಗಾರರ ಸಹಕಾರ ಸಂಘದ ಹಕ್ಕಿರುತ್ತದೆ. ಆವಬಿ ಎಂಬ ದೊಡ್ಡ ಚಿಪ್ಪನ್ನು ಕದ್ದವರಿಗೆ 2020ರ ಡಿಸೆಂಬರ್‌ನಿಂದ 3 ವರ್ಷದವರೆಗೆ ಸೆರೆ ಅಥವಾ 3 ಕೋಟಿ ಯೆನ್‌ವರೆಗೆ ದಂಡವಿದೆ. ದಡಕ್ಕೆ ಇಳಿಯುವಾಗ ದೋಣಿಗೂ ದಡಕ್ಕೂ ನಡುವೆ ನಿಲ್ಲಬೇಡಿ. ನೀರು ತುಂಬಿದ ಕಯಾಕನ್ನು ಅಲೆ ತಳ್ಳಿದರೆ ಮೊಣಕಾಲು ಮುರಿಯುವಷ್ಟು ಭಾರವಿರುತ್ತದೆ. ಗುಹೆಯ ಮುಂದೆ ಗೈಡ್ ಐದು ನಿಮಿಷ ಸುಮ್ಮನೆ ನಿಂತರೆ ಅವಸರ ಮಾಡಬೇಡಿ, ದೊಡ್ಡ ಅಲೆಗಳು ಗುಂಪಾಗಿ ಬರುವುದರಿಂದ ಅವರು ಅದನ್ನೇ ಎಣಿಸುತ್ತಿರುತ್ತಾರೆ.

ಬಟ್ಟೆ ನೀರಿನ ತಾಪಕ್ಕೆ ತಕ್ಕಂತಿರಲಿ. ಅಕ್ಟೋಬರ್ ಕೊನೆಗೆ ಸಗಾಮಿ ಕೊಲ್ಲಿಯ ನೀರು 21 ಡಿಗ್ರಿ ಆಸುಪಾಸು, ಮೈ ನೆನೆದು ಗಾಳಿ ಬೀಸಿದರೆ ನಮ್ಮವರು ನಡುಗುತ್ತಾರೆ. ಜೀನ್ಸ್, ಹತ್ತಿ ಟೀ ಶರ್ಟ್ ಬೇಡ. ಪಾಲಿಯೆಸ್ಟರ್ ಅಥವಾ ಉಣ್ಣೆಯ ಪೂರ್ಣ ತೋಳಿನ ಅಂಗಿ, ಹಿಮ್ಮಡಿ ಹಿಡಿಯುವ ಚಪ್ಪಲಿ ಅಥವಾ ಹಳೆಯ ಶೂ, ಟೋಪಿಗೆ ದಾರ, ಕನ್ನಡಕಕ್ಕೂ ದಾರ, 1 ಲೀಟರ್ ನೀರು, ಬದಲಿ ಬಟ್ಟೆ. ಸಸ್ಯಾಹಾರಿಗಳು ಟೂರಿನ ಊಟ ನಂಬಬೇಡಿ, ಸಾರಿನಲ್ಲಿ ದಾಶಿ, ಅಂದರೆ ಮೀನು ಕುದಿಸಿ ತೆಗೆದ ರಸ, ಇರುವುದೇ ಹೆಚ್ಚು. ಬರೀ ಉಪ್ಪು ಹಚ್ಚಿದ ಶಿಯೋ ಮುಸುಬಿ ಅನ್ನದುಂಡೆ ಅಂಗಡಿಯಲ್ಲಿ ಕೊಂಡರೂ ಹಿಂಬದಿಯ ಪಟ್ಟಿ ಓದಿಸಿಕೊಳ್ಳಿ. ವಾಂತಿಯ ಭಯವಿದ್ದರೆ ಮಾತ್ರೆಯನ್ನು ಅರ್ಧ ಗಂಟೆ ಮೊದಲೇ ನುಂಗಿ, ನೀರಿನ ಮೇಲೆ ಫೋನ್ ನೋಡುತ್ತಾ ಕೂರಬೇಡಿ.

ಅರ್ಧ ದಿನಕ್ಕೆ ಸಾಮಾನ್ಯವಾಗಿ 6,000ದಿಂದ 10,000 ಯೆನ್. ಹಣ ಕಟ್ಟುವ ಮುನ್ನ ಕೇಳಬೇಕಾದದ್ದು: ಒಬ್ಬ ಗೈಡಿಗೆ ಎಷ್ಟು ಜನ (ಆರು ದಾಟಿದರೆ ನಾನಾಗಿದ್ದರೆ ಬೇಡವೆನ್ನುತ್ತೇನೆ), ವಿಮೆ ಸೇರಿದೆಯೇ, ಇಂಗ್ಲಿಷ್ ಬರುತ್ತದೆಯೇ, ಎಳೆಯುವ ಹಗ್ಗ, ಪಂಪ್, ಹೆಚ್ಚುವರಿ ಹುಟ್ಟು ಇಟ್ಟಿರುತ್ತಾರೆಯೇ, ಗಾಳಿಗೆ ರದ್ದು ಮಾಡುವುದನ್ನು ಯಾವಾಗ ತಿಳಿಸುತ್ತಾರೆ. ಬೆಳಗಿನ ಟೂರನ್ನೇ ಹಿಡಿಯಿರಿ. ಗಾಳಿ ಹೆಚ್ಚಾಗಿ ಮಧ್ಯಾಹ್ನ ಏಳುತ್ತದೆ, ಆ ವಾರ ಸೂರ್ಯ ಸಂಜೆ ಐದಕ್ಕೂ ಮೊದಲೇ ಮುಳುಗುತ್ತಾನೆ. ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 118, ಫೋನಿನಲ್ಲಿ ಈಗಲೇ ಉಳಿಸಿಕೊಳ್ಳಿ. ಹಿಂದಿನ ಸಂಜೆ ಟೂರ್ ನಡೆಸುವ ಅಂಗಡಿಯವರು ‘ನಾಳೆ ಗಾಳಿ, ಆಗದು’ ಎಂದರೆ ಇನ್ನೊಂದು ಅಂಗಡಿಯನ್ನು ಹುಡುಕಬೇಡಿ, ಕಾದಿಟ್ಟ ಮರುದಿನಕ್ಕೆ ಬದಲಾಯಿಸಿಕೊಡಿ ಎಂದು ಅವರನ್ನೇ ಕೇಳಿ.